ಅಡುಗೆ ನೀಲಾವತಿಯದು, ಕೀರ್ತಿ ಹಾವಿನದು

ಗುಂಡ್ಲುಪೇಟೆಯಿಂದ ಚಾಮರಾಜನಗರದವರೆಗೆ ಯಾವ ಕಲ್ಯಾಣ ಮಂಟಪದಲ್ಲಾದರೂ ಊಟದ ಎಲೆಯ ಮುಂದೆ ಜನ ಮಾತು ನಿಲ್ಲಿಸಿದರು ಎಂದರೆ, ಅವತ್ತಿನ ಅಡುಗೆ ಭೀಮನಬೀಡಿನ ನೀಲಾವತಿಯದು ಎಂದು ತಿಳಿಯಬೇಕು. ಈ ಸೀಮೆಯ ಜನ ಸುಲಭಕ್ಕೆ ಮಾತು ನಿಲ್ಲಿಸುವವರಲ್ಲ. ಸಾವಿನ ಮನೆಯಲ್ಲೂ ಹೆಣವೇ ಎದ್ದು ಕೂತು, ಸ್ವಲ್ಪ ಮೆತ್ತಗೆ ಮಾತಾಡ್ರಪ್ಪ ಎಂದು ಕೇಳಿಕೊಳ್ಳುವಷ್ಟು ಮಾತಾಡುತ್ತಾರೆ. ಅಂಥವರ ಬಾಯನ್ನು ಆಕೆಯ ತಿಳಿಸಾರು ಕಟ್ಟಿಹಾಕುತ್ತದೆ. ಆ ಸಾರಿಗೆ ಒಗ್ಗರಣೆ ಬಿದ್ದಾಗ ಕೇರಳದ ಕಡೆ ಹೊರಟ ತರಕಾರಿ ಲಾರಿಗಳು ಹೆದ್ದಾರಿಯಲ್ಲೇ ಸಾಲುಗಟ್ಟಿ ನಿಂತು, ಒಳಗಿದ್ದ ಟೊಮೇಟೊ ನಿಂತಲ್ಲೇ ಕೊಳೆತದ್ದುಂಟು.

ಇಷ್ಟೆಲ್ಲ ಆಗಿ, ಕೈ ತೊಳೆದು, ಎಲೆಅಡಿಕೆ ದವಡೆಗೆ ಸೇರಿಸಿದ ಮೇಲೆ ಜನ ಹೇಳುವುದೇನು? ಅವಳದೇನಿದೆ, ಹಸಿರುಹಾವು ನೀವಿದ ಕೈ ಅದು, ಎನ್ನುತ್ತಾರೆ.

ನಮ್ಮ ಕಡೆ ಒಂದು ನಂಬಿಕೆಯಿದೆ. ಗಡಿಯಾಚೆ ತಾಳವಾಡಿಯಲ್ಲೂ ಇದೆ. ಬಳ್ಳಿಯಂತೆ ತೆಳ್ಳಗೆ, ಎಲೆಯಂತೆ ಹಸಿರಾಗಿ ಬೇಲಿಯ ಮೇಲೆ ಮಲಗಿರುತ್ತದಲ್ಲ, ಆ ಹಾವನ್ನು ಹೆಣ್ಣುಮಗಳು ತಲೆಯಿಂದ ಬಾಲದವರೆಗೆ ಅಂಗೈಯಲ್ಲಿ ನೀವಿಬಿಟ್ಟರೆ ಆ ಕೈಗೆ ಅಡುಗೆಯ ರುಚಿ ಇಳಿಯುತ್ತದಂತೆ. ಆಮೇಲೆ ಆಕೆ ಬರೀ ನೀರು ಕಾಯಿಸಿ ಕೊಟ್ಟರೂ ಗಂಡನ ಮನೆಯವರು ಬೆರಳು ನೆಕ್ಕಬೇಕು. ಗಂಡಸರ ಪಾಲಿಗೆ ಇದೇ ಹಾವು ಕಣ್ಣು ಕುಕ್ಕುವ ಹಾವು. ಒಂದೇ ಹಾವು ಹೆಂಗಸರಿಗೆ ಅಡುಗೆ ಕಲಿಸಬೇಕು, ಗಂಡಸರ ಕಣ್ಣು ಕೀಳಬೇಕು. ಇಷ್ಟೊಂದು ಜವಾಬ್ದಾರಿ ಪಂಚಾಯಿತಿ ಅಧ್ಯಕ್ಷರಿಗೂ ಇಲ್ಲ.

ನೀಲಾವತಿ ಹುಟ್ಟಿದ್ದು ಕುದೇರಿನಲ್ಲಿ. ಭೀಮನಬೀಡಿನ ಮರಿಮಲ್ಲಪ್ಪನ ಕೈಹಿಡಿದು ಬಂದಾಗ ಆಕೆಗೆ ಅಡುಗೆ ಬರುತ್ತಿರಲಿಲ್ಲ. ಬರುತ್ತಿರಲಿಲ್ಲ ಎಂದರೆ ಕಡಿಮೆ ಹೇಳಿದಂತೆ. ಮೊದಲ ದಿನ ಮಾಡಿದ ಹುರುಳಿಸಾರನ್ನು ಅತ್ತೆ ಚಿಕ್ಕಮಲ್ಲಮ್ಮ ಎಮ್ಮೆಯ ಕಲಗಚ್ಚಿನ ಬಾನಿಗೆ ಸುರಿದಳು. ಎಮ್ಮೆ ಮೂಸಿ ನೋಡಿತು, ಬಾನಿಯನ್ನು ಒದ್ದು ಉರುಳಿಸಿತು, ಎರಡು ಹೊತ್ತು ಹಾಲು ಕೊಡಲಿಲ್ಲ. ಆ ಅವಮಾನಕ್ಕೆ ಹುಡುಗಿ ಪಕ್ಕದ ಬೀದಿಯ ಹುಚ್ಚಯ್ಯನ ಹತ್ತಿರ ಹೋದಳು. ಹುಚ್ಚಯ್ಯ ಮದುವೆ ಮನೆಗಳ ಅಡುಗೆಯವನು. ಆತನ ಗುಂಪಿನಲ್ಲಿ ಎಲ್ಲರೂ ಗಂಡಸರು. ಹೆಂಗಸನ್ನು ಸೇರಿಸಿಕೊಳ್ಳುವುದಿಲ್ಲ ಎಂದು ಆತ ಬಾಯಲ್ಲಿ ಹೇಳಲಿಲ್ಲ, ಬದಲಿಗೆ ಒಂದು ಮೂಟೆ ಸಣ್ಣ ಈರುಳ್ಳಿ ಮುಂದಿಟ್ಟ. ಈಕೆ ಸುಲಿದಳು. ಮಾರನೆಯ ದಿನ ಇನ್ನೊಂದು ಮೂಟೆ. ಗುಂಡ್ಲುಪೇಟೆ ತಾಲ್ಲೂಕಿನ ಹೊಲಗಳು ಸೇರಿ ಒಂದು ವರ್ಷ ಬೆಳೆದ ಈರುಳ್ಳಿಯನ್ನೆಲ್ಲ ಆಕೆಯೊಬ್ಬಳೇ ಸುಲಿದಳು ಎನ್ನಬಹುದು. ಆ ವರ್ಷ ಆಕೆಯ ಕಣ್ಣೀರು ಹರಿದು ಊರಿನ ಕೆರೆ ಕೋಡಿ ಬಿದ್ದಿತ್ತು.

ಹುಚ್ಚಯ್ಯ ಹೇಳಿಕೊಡುವ ಜಾತಿಯವನಲ್ಲ. ತಪ್ಪಾದರೆ ಸೌಟಿನ ಹಿಡಿಯಿಂದ ಪಾತ್ರೆಗೆ ಬಾರಿಸುತ್ತಿದ್ದ. ಎಷ್ಟು ತಪ್ಪೋ ಅಷ್ಟು ಸದ್ದು. ಕೊತ್ತಂಬರಿ ಬೀಜ ಹುರಿಯುವಾಗ ಒಮ್ಮೆ ಮಾತ್ರ ಬಾಯಿಬಿಟ್ಟು ಹೇಳಿದ: "ಮೂಗಿರಾದು ಮೂಗುಬಟ್ಟು ಇಕ್ಕಕಲ್ಲ ಕಣಮ್ಮಿ, ಮೂಸಾಕೆ." ಅಷ್ಟೇ ಪಾಠ. ಮಿಕ್ಕದ್ದನ್ನು ಆಕೆಯೇ ಕಲಿತಳು. ಮೆಂತ್ಯ ಕೆಂಪಾಗುವುದಕ್ಕೂ ಕಹಿಯಾಗುವುದಕ್ಕೂ ನಡುವೆ ಒಂದು ಉಸಿರಿನಷ್ಟು ಹೊತ್ತಿರುತ್ತದೆ, ಆ ಉಸಿರು ಎಳೆದುಕೊಳ್ಳುವಾಗಲೇ ಬಾಣಲೆ ಇಳಿಸಬೇಕು. ಬೇಳೆ ಬೆಂದದ್ದು ಕುದಿಯುವ ಸದ್ದಿನಲ್ಲೇ ತಿಳಿಯುತ್ತದೆ. ಇವೆಲ್ಲ ಕೈಗೂ ಮೂಗಿಗೂ ಕಿವಿಗೂ ಹತ್ತಲು ಆರು ವರ್ಷ ಹಿಡಿಯಿತು.

ಆರನೆಯ ವರ್ಷ ಒಂದು ದಿನ ನೀಲಾವತಿ ಹಿತ್ತಲ ಬೇಲಿಯಿಂದ ಒಣಗಿದ ಅವರೆಬಳ್ಳಿ ಎಳೆದು ಹಾಕುತ್ತಿದ್ದಳು. ಎಳೆದ ಬಳ್ಳಿಗಳಲ್ಲಿ ಒಂದು ತಣ್ಣಗಿತ್ತು. ಅದು ಮುಷ್ಟಿಯೊಳಗಿಂದ ತಾನಾಗಿ ಸರಿದು, ಬಾಲದ ತುದಿಯವರೆಗೂ ಜಾರಿ, ಬೇಲಿಯೊಳಗೆ ಹೋಯಿತು. ಆಕೆ ನಿಂತಲ್ಲೇ ಕಲ್ಲಾದಳು. ಜಗಲಿಯಿಂದ ಅತ್ತೆ ನೋಡಿದಳು. ಆ ವಾರದ ಒಂದು ಮದುವೆಯಲ್ಲೇ ಹುಚ್ಚಯ್ಯ ಮೊದಲ ಬಾರಿಗೆ ಸಾರನ್ನು ಪೂರ್ತಿ ಆಕೆಯ ಕೈಗೆ ಬಿಟ್ಟದ್ದು. ಸಾರು ಗೆದ್ದಿತು. ಸೊಸೆಯನ್ನು ಹೊಗಳುವುದು ಯಾವ ಅತ್ತೆಗೂ ಹಲ್ಲುನೋವಿನಂಥ ಕೆಲಸ. ಹಾವನ್ನು ಹೊಗಳಿದರೆ ನೋವಿಲ್ಲ. ಚಿಕ್ಕಮಲ್ಲಮ್ಮ ಎರಡನ್ನೂ ಗಂಟುಹಾಕಿ ಊರಿಗೆ ಹೇಳಿದಳು, ಊರು ತಾಲ್ಲೂಕಿಗೆ ಹೇಳಿತು.

ಹುಚ್ಚಯ್ಯ ತೀರಿಹೋಗಿ, ಗುಂಪಿಗೆ ನೀಲಾವತಿಯೇ ಯಜಮಾನಿಯಾಗಿ, ತಲೆ ನೆರೆತರೂ ಆ ಗಂಟು ಬಿಚ್ಚಲಿಲ್ಲ. ಗೃಹಪ್ರವೇಶದ ಮನೆಯವರು ಊಟ ಮುಗಿಸಿ ಆಕೆಗೆ ಕೈಮುಗಿಯುವುದಿಲ್ಲ, ಆಕೆಯ ಬಲಗೈಗೆ ಮುಗಿಯುತ್ತಾರೆ. ಯಾರೋ ಒಬ್ಬರು ಫೋಟೋ ತೆಗೆಸಿಕೊಳ್ಳೋಣ ಎಂದು ಕರೆದು, ಅಂಗೈಯನ್ನಷ್ಟೇ ತೆಗೆದುಕೊಂಡು ಹೋದರು. ಬೆಳಗಿನ ಜಾವದಿಂದ ಹೊಗೆಯಲ್ಲಿ ನಿಂತು ಬೆಂದವಳು ಒಬ್ಬಳು, ಹೆಸರು ಬೇಲಿಯ ಮೇಲೆ ತಂಪಾಗಿ ಮಲಗಿದ್ದವನಿಗೆ. ಇದನ್ನು ನೆನೆದರೆ ಆಕೆಗೆ ಮೈಯೆಲ್ಲ ಉರಿಯುತ್ತಿತ್ತು.

ಆ ಬೇಲಿಯಲ್ಲಿ ಈಗಲೂ ಒಂದು ಹಸಿರುಹಾವಿದೆ. ಮೂವತ್ತು ವರ್ಷದ ಹಿಂದಿನದೇ ಇದು ಎಂದು ಊರಿನವರ ವಾದ. ಹಾಗೆ ನೋಡಿದರೆ ಊರಿನವರು ಮೂವತ್ತು ವರ್ಷದಿಂದ ಒಂದೇ ವಾದ ಮಾಡುತ್ತಿದ್ದಾರೆ, ಹಾವು ಬದಲಾಗಿರಲೇಬೇಕು. ಬೇಲಿಯ ಮೇಲೆ ಹೀರೆಬಳ್ಳಿ ಹಬ್ಬಿಸಿದ್ದಾರೆ. ಕೆಲಸವಿಲ್ಲದ ದಿನ ನೀಲಾವತಿ ಅದರ ಪಕ್ಕ ಕೂತು ಸೊಪ್ಪು ಬಿಡಿಸುತ್ತಾಳೆ. ಹಾವಿನ ಮೇಲೆ ಪ್ರೀತಿಯೇನೂ ಇರಲಿಲ್ಲ. ಮನೆಗೆ ನುಗ್ಗಿದ ಕಳ್ಳನ ಮೇಲೆ ಕಣ್ಣಿಟ್ಟಂತೆ ಇಟ್ಟಿದ್ದಳು. ಕಳ್ಳನನ್ನು ದಿನಾ ನೋಡುತ್ತಿದ್ದರೆ ಅವನ ನಡವಳಿಕೆಯೂ ತಿಳಿದುಬಿಡುತ್ತದೆ.

ಬೇರೆ ಹಾವುಗಳು ನಮ್ಮನ್ನು ಪಕ್ಕದಿಂದ ನೋಡುತ್ತವೆ. ಇದು ಚೂಪು ಮೂತಿಯ ಎರಡೂ ಬದಿಯಿಂದ ಎರಡೂ ಕಣ್ಣನ್ನು ಮುಂದಕ್ಕೆ ತಂದು, ಟಿಕೆಟ್ ಕೇಳುವ ಕಂಡಕ್ಟರ್ ಹಾಗೆ ನೇರ ಮುಖ ನೋಡುತ್ತದೆ. ಕಣ್ಣಿನ ಪಾಪೆ ದುಂಡಗಿಲ್ಲ, ಕಾಸು ಹಾಕುವ ಗೋಲಕದ ಸೀಳಿನ ಹಾಗೆ ಅಡ್ಡಕ್ಕೆ ಮಲಗಿದೆ. ದೂರ ಅಳೆಯಲು ದೇವರು ಕೊಟ್ಟ ಕಣ್ಣು ಅದು. ಹಾಗೆ ದುರುಗುಟ್ಟುವುದನ್ನು ಕಂಡೇ ಕಣ್ಣು ಕುಕ್ಕುತ್ತದೆ ಎಂದು ಗಂಡಸರು ಹೆದರಿದ್ದು. ಗಾಳಿ ಬೀಸಿ ಬಳ್ಳಿ ತೂಗಿದರೆ ಇದೂ ತೂಗುತ್ತದೆ. ಗಾಳಿ ನಿಂತ ಮೇಲೂ ಒಂದು ಸಲ ತೂಗಿ, ತಾನೊಬ್ಬನೇ ಕುಣಿಯುತ್ತಿದ್ದೇನೆಂದು ನಾಚಿಕೊಂಡಂತೆ ತಟ್ಟನೆ ನಿಲ್ಲುತ್ತದೆ. ಓತಿಕೇತ ಹತ್ತಿರ ಬಂದರೆ ಕುತ್ತಿಗೆ ಹಿಡಿಯುತ್ತದೆ, ಅದು ಮೆತ್ತಗಾಗುವವರೆಗೆ ಬಾಯಿ ಸಡಿಲಿಸುವುದಿಲ್ಲ. ಹಲ್ಲಿನ ವಿಷ ಓತಿಕೇತಕ್ಕೆ ಸಾಕು. ಮನುಷ್ಯನಿಗೆ ಕಚ್ಚಿದರೆ ಒಂದಷ್ಟು ಊದಿ, ಉರಿದು, ಇಳಿಯುತ್ತದೆ. ತೀರ ರೇಗಿಸಿದರೆ ಕತ್ತು ಉಬ್ಬಿಸಿ ಬಾಯಿ ತೆರೆಯುತ್ತದೆ. ಆಗ ಹಸಿರು ಹುರುಪೆಯ ಸಂದಿನಲ್ಲಿ ಕಪ್ಪು ಬಿಳುಪು ಚೌಕುಳಿ ಕಾಣುತ್ತದೆ, ಹಸಿರು ಸೀರೆಯ ಕೆಳಗೆ ಒಳಲಂಗ ಇಣುಕಿದ ಹಾಗೆ.

ಮಿಕ್ಕ ಹೊತ್ತು ಅಲುಗಾಡುವ ಪ್ರಾಣಿಯಲ್ಲ. ಒಮ್ಮೆ ಹೀರೆಬಳ್ಳಿಯ ಕುಡಿ ಅದರ ನಡುವಿಗೇ ಸುತ್ತಿಕೊಂಡು, ಹೂಬಿಟ್ಟು, ಕಾಯಿ ಕಚ್ಚಿ, ಆ ಕಾಯಿ ಬಲಿಯುವವರೆಗೂ ಹಾವು ಕದಲಲಿಲ್ಲ ಎಂದು ಮರಿಮಲ್ಲಪ್ಪ ಹೇಳುತ್ತಾನೆ. ಕಾಯಿಯ ಪಲ್ಯ ತಿಂದದ್ದಂತೂ ನಿಜ.

ಹೀಗೆ ಕಳ್ಳ ಒಂದು ಕಡೆ, ಕಾವಲು ಒಂದು ಕಡೆ ಇದ್ದುಕೊಂಡು ಹೋಗಬಹುದಿತ್ತು. ಕೆಡಿಸಿದವಳು ನಾಗರತ್ನ. ಆಕೆ ನೀಲಾವತಿಯ ದೊಡ್ಡಪ್ಪನ ಮಗಳು, ಇರುವುದು ಗುಂಡ್ಲುಪೇಟೆಯಲ್ಲಿ. ಅವಳ ಮಗಳು ಸುಧಾಮಣಿ ಹಾಲಿನ ಸೊಸೈಟಿಯಲ್ಲಿ ಕೆಲಸಕ್ಕಿದ್ದಾಳೆ. ಹುಡುಗಿ ಚುರುಕು, ಲೆಕ್ಕದಲ್ಲಿ ಗಟ್ಟಿ. ಲೆಕ್ಕಕ್ಕಿಂತ ಗಟ್ಟಿಯಾದದ್ದು ಅವಳು ಮಾಡಿದ ಉಪ್ಪಿಟ್ಟು. ನೋಡಲು ಬಂದ ಗಂಡಿನ ಸೋದರಮಾವ ಚಮಚ ಊರಿ ಎತ್ತಿದರೆ ತಟ್ಟೆಯೂ ಜೊತೆಗೇ ಎದ್ದಿತು. ಆ ಕಡೆಯವರು ತಿಳಿಸುತ್ತೇವೆ ಎಂದು ಹೋದವರು ಇನ್ನೂ ತಿಳಿಸುತ್ತಲೇ ಇದ್ದಾರೆ.

ಎರಡನೆಯ ಗಂಡಿನ ಕಡೆಯವರು ಬರುವ ಮುಂಚೆ ನಾಗರತ್ನ ಮಗಳನ್ನು ಆಟೋದಲ್ಲಿ ಕೂರಿಸಿಕೊಂಡು ಭೀಮನಬೀಡಿಗೆ ಬಂದಳು. ನೀಲಾವತಿ ಯಾವುದೋ ಮದುವೆಗೆ ಹೋಗಿದ್ದಳು. ಮರಿಮಲ್ಲಪ್ಪನೇ ಬೇಲಿಯ ಕೊಂಬೆ ಬಗ್ಗಿಸಿ ಹಿಡಿದ. ಸುಧಾಮಣಿ ಕಣ್ಣು ಮುಚ್ಚಿಕೊಂಡು ನೀವಿದಳು. ಆ ಭಾನುವಾರ ಗಂಡಿನ ಕಡೆಯವರು ಬಂದು ಬೋಂಡ ತಿಂದು, ಮತ್ತೊಂದು ತಟ್ಟೆ ಕೇಳಿ, ಒಪ್ಪಿಗೆ ಎಂದು ಎದ್ದರು. ನಾಗರತ್ನ ಹಾವಿನ ವೀಡಿಯೊ, ಮಗಳ ಕೈ, ಬೋಂಡದ ತಟ್ಟೆ ಮೂರನ್ನೂ ಸೇರಿಸಿ ವಾಟ್ಸಾಪಿನಲ್ಲಿ ಬಿಟ್ಟಳು.

ವಾರ ಕಳೆಯುವಷ್ಟರಲ್ಲಿ ಭೀಮನಬೀಡಿಗೆ ಆಟೋಗಳು ಬರತೊಡಗಿದವು. ಗುಂಡ್ಲುಪೇಟೆಯಿಂದ, ಚಾಮರಾಜನಗರದಿಂದ, ತಾಳವಾಡಿಯಿಂದ, ಸುಲ್ತಾನ್ ಬತ್ತೇರಿಯಿಂದ. ಮದುವೆಯ ವಯಸ್ಸಿಗೆ ಬಂದ ಹುಡುಗಿಯರು, ಮದುವೆಯಾಗಿ ಬೈಸಿಕೊಳ್ಳುತ್ತಿದ್ದವರು, ಹೋಟೆಲು ತೆರೆಯುವವರು, ಮೆಸ್ಸು ಮುಚ್ಚುವ ಸ್ಥಿತಿಗೆ ಬಂದವರು. ಮಲಯಾಳದವರೂ ತಮಿಳಿನವರೂ ನಮ್ಮವರೂ ಭಾಷೆಯ ಜಗಳವಿಲ್ಲದೆ ಒಂದೇ ಸಾಲಿನಲ್ಲಿ ನಿಂತದ್ದನ್ನು ಈ ಸೀಮೆ ಅದೇ ಮೊದಲು ಕಂಡದ್ದು. ಹೆಸರಾಂತ ಹೆಂಡತಿಯ ಗಂಡನಾಗಿ ಇಷ್ಟು ಕಾಲ ಮೂಲೆಯಲ್ಲಿ ಕೂತಿದ್ದ ಮರಿಮಲ್ಲಪ್ಪನಿಗೆ ಕೊನೆಗೂ ಒಂದು ಹುದ್ದೆ ಸಿಕ್ಕಿತು. ಬೇಲಿಯ ಪಕ್ಕ ಬೆಂಚು ಹಾಕಿಸಿದ, ಬಂದವರಿಗೆ ಮಜ್ಜಿಗೆ ಕೊಟ್ಟ, ಬಳೆ ಹಾವಿಗೆ ತಾಗುತ್ತದೆ ಬಿಚ್ಚಿಡಿ ಎಂದು ನಿಯಮ ಮಾಡಿದ.

ನೀಲಾವತಿ ಮೊದಮೊದಲು ಬೈದುಕೊಂಡು ಸುಮ್ಮನಿದ್ದಳು. ಆದರೆ ದಿನಾ ನೋಡುವ ಕಣ್ಣಿಗೆ ಒಂದು ವಿಷಯ ತಪ್ಪಲಿಲ್ಲ. ಹಾವಿನ ಹಿಂಭಾಗ ದಪ್ಪವಾಗಿತ್ತು. ಈ ಹಾವು ಮೊಟ್ಟೆ ಇಡುವುದಿಲ್ಲ, ಮರಿಯನ್ನೇ ಹಾಕುತ್ತದೆ. ಹಿಂದೆ ಒಂದು ಮಳೆಗಾಲದಲ್ಲಿ ಬೇಲಿಯ ತುಂಬ ದಾರದಂಥ ಮರಿಗಳನ್ನು ಆಕೆಯೇ ಕಂಡಿದ್ದಳು. ಅಂತೂ ಕಳ್ಳನಲ್ಲ, ಕಳ್ಳಿ. ಈಗ ಅದು ಬಸುರಿ. ಬಸುರಿಯಾಗಿ ಹಗಲೆಲ್ಲ ಊರಿನವರ ಅಂಗೈಯಲ್ಲಿ ಉಜ್ಜಿಸಿಕೊಂಡು, ಬೇಟೆಗೆ ಶಕ್ತಿಯಿಲ್ಲದೆ ಮಲಗಿತ್ತು. ಓತಿಕೇತಗಳು ಅದರ ಮೂತಿಯ ಮುಂದೆಯೇ ಸಂಜೆಯ ವಾಕಿಂಗಿಗೆ ಹೊರಟವರ ಹಾಗೆ ಓಡಾಡುತ್ತಿದ್ದವು.

ಒಂದು ಮಧ್ಯಾಹ್ನ ಆಕೆ ಕೆಲಸದಿಂದ ಬಂದಾಗ ಹಾವು ಬೇಲಿಯ ಬುಡದಲ್ಲಿ ಬಿದ್ದಿತ್ತು. ಬಾಯಿ ಅರ್ಧ ತೆರೆದಿತ್ತು. ಬೆನ್ನಿನ ಹುರುಪೆ ಅಲ್ಲಲ್ಲಿ ಕಿತ್ತಿತ್ತು. ಯಾರೋ ಪುಣ್ಯವಂತರು ಅರಿಸಿನ ಕುಂಕುಮ ಇಟ್ಟು, ಅದು ಕಣ್ಣಿಗೆಲ್ಲ ಮೆತ್ತಿತ್ತು. ಮೇಲೆ ಹಾಲು ಸುರಿದಿದ್ದರು, ಹಾಲಿಗೆ ಇರುವೆ ಹತ್ತಿತ್ತು. ನೀಲಾವತಿ ಚೊಂಬಿನಲ್ಲಿ ನೀರು ತಂದು ನಿಧಾನಕ್ಕೆ ಬಿಟ್ಟು ಇರುವೆ ತೊಳೆದಳು, ಸೆರಗಿನ ತುದಿ ಒದ್ದೆಮಾಡಿ ಕಣ್ಣು ಒರೆಸಿದಳು, ಎರಡೂ ಕೈಯಲ್ಲಿ ಎತ್ತಿ ಎತ್ತರದ ಕೊಂಬೆಗೆ ಬಿಟ್ಟಳು. ಇಷ್ಟು ವರ್ಷದಲ್ಲಿ ಬೇಕೆಂದೇ ಅದನ್ನು ಮುಟ್ಟಿದ್ದು ಅದೇ ಮೊದಲು. ಇನ್ನು ಕೆಲವು ದಿನ ಹೀಗೇ ನಡೆದರೆ ತಾಯಿಯೂ ಉಳಿಯುವುದಿಲ್ಲ, ಹೊಟ್ಟೆಯಲ್ಲಿರುವುದೂ ಉಳಿಯುವುದಿಲ್ಲ ಎಂದು ಆಕೆಗೆ ಖಾತ್ರಿಯಾಯಿತು.

ಮಾರನೆಯ ದಿನ ಬಂದವರಿಗೆಲ್ಲ ಹೇಳಿದಳು: ಇದು ಬಸುರಿ, ಬಿಟ್ಟುಬಿಡಿ. ಹೇಳಿದ್ದೇ ತಪ್ಪಾಯಿತು. ಅಲ್ಲಿಯವರೆಗೆ ಅಡುಗೆ ಬಾರದವರು ಮಾತ್ರ ಬರುತ್ತಿದ್ದರು, ಇನ್ನು ಮುಂದೆ ಮಕ್ಕಳಾಗದ ಸೊಸೆಯಂದಿರನ್ನೂ ಕರೆತರತೊಡಗಿದರು. ಬಸುರಿ ಹಾವು ಎರಡನ್ನೂ ಒಟ್ಟಿಗೆ ಕೊಡುತ್ತದಂತೆ. ಹಾವಿಂದ ಏನೂ ಬಂದಿಲ್ಲ, ನಾನು ಹುಚ್ಚಯ್ಯನ ಹತ್ತಿರ ಈರುಳ್ಳಿ ಸುಲಿದು ಕಲಿತವಳು ಎಂದು ಕೂಗಿ ಹೇಳಿದಳು. ಒಬ್ಬಳು ಮುದುಕಿ ಸಮಾಧಾನದಿಂದ ತಲೆಯಾಡಿಸಿ, ಹಾಗಾದರೆ ಹುಚ್ಚಯ್ಯನೂ ನೀವಿದ್ದಿರಬೇಕು ಬಿಡು ಎಂದಳು. ತನಗೆ ಬಂದದ್ದು ಇನ್ನೊಬ್ಬರಿಗೆ ಬರಬಾರದೆನ್ನುವ ಹೊಟ್ಟೆಕಿಚ್ಚು ಎಂದು ಮಿಕ್ಕವರು ತೀರ್ಮಾನಿಸಿದರು.

ಆಗ ಆಕೆಗೆ ಒಂದು ದಾರಿ ಹೊಳೆಯಿತು. ಕೈ ಕೆಟ್ಟರೆ ಹಾವಿನ ಹೆಸರು ಕೆಡುತ್ತದೆ. ಹಾವಿನ ಹೆಸರು ಕೆಟ್ಟರೆ ಯಾರೂ ಬರುವುದಿಲ್ಲ. ಆ ವಾರವೇ ಚಾಮರಾಜನಗರದಲ್ಲಿ ಮೃತ್ಯುಂಜಯನ ಮಗಳ ಮದುವೆ. ಆತ ದೊಡ್ಡ ಧಾನ್ಯದ ವ್ಯಾಪಾರಿ, ಎರಡು ತಾಲ್ಲೂಕಿನ ಬಾಯಿಗಳೆಲ್ಲ ಅಲ್ಲಿರುತ್ತವೆ. ಅಲ್ಲಿ ಸಾರು ಕೆಡಿಸಿಬಿಡುವುದು. ತಾನು ಕಟ್ಟಿದ ಹೆಸರೂ ಅದರ ಜೊತೆಗೇ ಹೋಗುತ್ತದೆ ಎಂಬುದು ಗೊತ್ತಿತ್ತು. ಹೇಗಿದ್ದರೂ ಅದು ತನ್ನ ಹೆಸರಿನಲ್ಲಿ ಇಲ್ಲವಲ್ಲ ಎಂದುಕೊಂಡಳು.

ಕೆಡಿಸುವುದು ಅಷ್ಟು ಸುಲಭವಲ್ಲ. ಉಪ್ಪು ಹೆಚ್ಚು ಹಾಕಲು ಹೋದರೆ ಕೈ ತಾನಾಗಿ ಅಳತೆಗೆ ನಿಂತಿತು. ಹುಣಸೆಹುಳಿ ಸುರಿಯಲು ಹೋದರೆ ಮಣಿಕಟ್ಟು ಹಿಂದಕ್ಕೆ ತಿರುಗಿತು. ಕಡೆಗೆ ಮೆಂತ್ಯವನ್ನು ಬಾಣಲೆಗೆ ಹಾಕಿ, ಸೌಟು ಕೆಳಗಿಟ್ಟು, ಕೈಕಟ್ಟಿ ನಿಂತಳು. ಕೆಂಪಾಯಿತು. ಆ ಒಂದು ಉಸಿರು ಬಂತು, ಹೋಯಿತು. ಕಪ್ಪಾಯಿತು. ಗುಂಪಿನ ಗಂಡಸರು ಆಕೆಗೆ ಲಕ್ವ ಹೊಡೆದಿದೆ ಎಂದು ನೀರು ತರಲು ಓಡಿದರು. ಆಕೆ ಅದನ್ನೇ ಪುಡಿಮಾಡಿಸಿ ಸಾರಿಗೆ ಹಾಕಿಸಿದಳು. ಆ ಸಾರಿನ ಒಂದು ತೊಟ್ಟು ಸಿಡಿದು ಬಿದ್ದ ಕಡೆ ನೆಲದ ಹುಲ್ಲು ಇವತ್ತಿಗೂ ಚಿಗುರಿಲ್ಲ.

ಮೊದಲ ಪಂಕ್ತಿ ಕೂತಿತು. ಸಾರು ಬಂತು. ಜನ ಬಾಯಿಗೆ ಹಾಕಿಕೊಂಡು ಸ್ತಬ್ಧರಾದರು. ನೀಲಾವತಿ ಬಾಗಿಲ ಮರೆಯಲ್ಲಿ ನಿಂತು ಬೈಗುಳಕ್ಕೆ ಕಾದಳು. ಒಬ್ಬ ನಾಲಿಗೆ ಚಪ್ಪರಿಸಿ, ಇದು ಹೊಸ ಕೈ ಎಂದ. ಇನ್ನೊಬ್ಬ, ಬಸುರಿ ಹಾವಿನ ಬಾಯಿರುಚಿ ಹೀಗೇ ಇರುತ್ತದೆ ಎಂದ. ಹಾಗೆ ಎಂದಮೇಲೆ ಚೆನ್ನಾಗಿಲ್ಲ ಎನ್ನುವ ಧೈರ್ಯ ಯಾರಿಗೆ? ಎರಡನೆಯ ಸಲ ಬಡಿಸಿಕೊಂಡರು, ಮೂರನೆಯ ಸಲ ಕುಡಿದರು. ಮೃತ್ಯುಂಜಯ ಒಳಗೆ ಬಂದು, ಈ ಸಾರು ಸಕ್ಕರೆ ಕಾಯಿಲೆಗೆ ಬಲು ಒಳ್ಳೆಯದಂತೆ, ನೆಂಟರು ಬಾಟಲಿಗೆ ಕೇಳುತ್ತಿದ್ದಾರೆ ಎಂದು ಹೇಳಿ, ಆಕೆಯ ಬಲಗೈಯನ್ನು ಕಣ್ಣಿಗೆ ಒತ್ತಿಕೊಂಡ.

ಮೂರನೆಯ ಪಂಕ್ತಿಯಲ್ಲಿ ಕರಿಬಸವಯ್ಯ ಕೂತಿದ್ದ. ಕುದೇರಿನ ಕಡೆಯ ನಿವೃತ್ತ ಲೈನ್‌ಮನ್, ಒಂಟಿ ಆಸಾಮಿ. ಯಾರ ಮದುವೆಯಾದರೂ ನೀಲಾವತಿಯ ಅಡುಗೆ ಎಂದರೆ ಕರೆಯದಿದ್ದರೂ ಬರುವವನು. ಆತ ಒಂದು ತುತ್ತು ತಿಂದು ಅನ್ನವನ್ನು ಎಲೆಯ ಮೇಲ್ಭಾಗಕ್ಕೆ ಸರಿಸಿದ. ಬಡಿಸುವವನ ಕೈಲಿ ಆಕೆಯನ್ನು ಹೊರಗೆ ಕರೆಸಿ, ಪಕ್ಕದವರಿಗೆ ಕೇಳಿಸದಷ್ಟು ಮೆಲ್ಲಗೆ ಹೇಳಿದ:

"ನೀಲವ್ವ, ಮೆಂತ್ಯ ಸೀದೋಗದ ಕಣವ್ವ. ಮಯ್ಯಲ್ಲಿ ಉಸಾರಿಲ್ವ?"

ನೀಲಾವತಿ ಆತನ ಎಲೆ ನೋಡಿದಳು. ಇಷ್ಟು ಕಾಲ ಹಾವಿನ ಸಾರು ಕುಡಿಯದೆ ತನ್ನ ಸಾರು ಕುಡಿದವನು ಒಬ್ಬನಿದ್ದ. ಸೆರಗಿನಿಂದ ಮೂಗು ಒರೆಸಿಕೊಂಡು, ಆತನಿಗೆಂದು ಬೇರೆ ಒಲೆಯಲ್ಲಿ ಹೊಸ ಸಾರು ಕುದಿಸಿ, ತಾನೇ ತಂದು ಬಡಿಸಿದಳು. ಆತ ಉಂಡು ಎದ್ದು, ಈಗ ಸರಿಯಾಯಿತು ಎನ್ನುವಂತೆ ತಲೆಯಾಡಿಸಿ ಹೋದ. ಅಷ್ಟೇ. ಎರಡು ತಾಲ್ಲೂಕಿಗೆ ಒಂದೇ ನಾಲಿಗೆ.

ಆ ನಾಲಿಗೆಯಿಂದ ಹಾವಿಗೆ ಏನೂ ಉಪಯೋಗವಾಗಲಿಲ್ಲ. ಮಾರನೆಯ ದಿನ ಸಕ್ಕರೆ ಕಾಯಿಲೆಯವರೂ ಆಟೋ ಹತ್ತಿ ಬಂದರು.

ಇನ್ನು ಮಾತಿಂದಾಗುವುದಿಲ್ಲ ಎಂದುಕೊಂಡ ನೀಲಾವತಿ, ಮೊದಲೇ ಒಪ್ಪಿಕೊಂಡಿದ್ದ ಗೃಹಪ್ರವೇಶವೊಂದಕ್ಕೆ ಗುಂಪನ್ನಷ್ಟೇ ಕಳಿಸಿದಳು. ಹಾಗೆ ಮಾಡಿದ್ದು ಜೀವಮಾನದಲ್ಲಿ ಅದೇ ಮೊದಲು. ತಾನು ದೊಡ್ಡ ಜಾಲರಿ ಸೌಟು ಹಿಡಿದು ಬೇಲಿಗೆ ಬೆನ್ನು ಕೊಟ್ಟು ಗಂಡನ ಬೆಂಚಿನ ಮೇಲೆ ಕೂತಳು. ಬಂದವರು ಬೇಡಿಕೊಂಡರು, ಶಾಪ ಹಾಕಿದರು, ಒಬ್ಬರು ಪೊಲೀಸಿಗೆ ಹೇಳುತ್ತೇವೆ ಎಂದರು. ಯಾವ ಕಾಯಿದೆಯ ಕೆಳಗೆ ಎಂದು ಅವರಿಗೇ ಹೊಳೆಯದೆ ಮಜ್ಜಿಗೆ ಕುಡಿದು ಹೋದರು. ಮನೆಯಲ್ಲಿ ಒಲೆ ಉರಿಯಲಿಲ್ಲ. ಮರಿಮಲ್ಲಪ್ಪ ಹುದ್ದೆಯೂ ಹೋಗಿ ಊಟವೂ ಹೋಗಿ, ಜಗಲಿಯಲ್ಲಿ ಕೂತು ಕಡ್ಲೆಪುರಿ ತಿನ್ನುತ್ತ, ತನ್ನನ್ನು ಕಟ್ಟಿಕೊಂಡವಳೋ ಹಾವನ್ನು ಕಟ್ಟಿಕೊಂಡವಳೋ ಎಂದು ಗೊಣಗಿದ.

ಒಂದು ದಿನ ಬೆಳಿಗ್ಗೆ, ಹಿಂದಿನ ಸಂಜೆ ಒಳ್ಳೆ ಮಳೆ ಬಿದ್ದಿತ್ತು, ನಾಗರತ್ನ ಮಗಳನ್ನು ಕರೆದುಕೊಂಡು ಮತ್ತೆ ಬಂದಳು. ಗಂಡಿನ ತಾಯಿ, ಮದುವೆಗೆ ಮುಂಚೆ ಹುಡುಗಿ ಒಮ್ಮೆ ತಮ್ಮ ಮನೆಗೆ ಬಂದು ಬೋಂಡ ಮಾಡಲಿ ಎಂದಿದ್ದಳಂತೆ. ಮೊದಲ ನೀವಿಕೆಯ ಶಕ್ತಿ ಇಳಿದಿರಬಹುದು, ಇನ್ನೊಂದು ಸಲ ನೀವಿಸಿಬಿಟ್ಟರೆ ಗಟ್ಟಿ ಎಂದು ನಾಗರತ್ನಳ ಲೆಕ್ಕ.

"ಒಂದೇ ಸಲಿ ಕಣಕ್ಕ," ಎಂದಳು. "ನಿನ್ನ ಗಂಟೇನು ಓಯ್ತದ?"

"ನಾಳಿಕ ನಿನ್ನ ಮಗಳು ಬಸುರಿ ಆಗ್ತಳಲ್ಲ," ಎಂದಳು ನೀಲಾವತಿ, "ಆಗ ಊರೋರ್ನೆಲ್ಲ ಸಾಲಾಗಿ ನಿಲ್ಸಿ ಅವಳ ಒಟ್ಟೆ ನೀವುಸ್ತಿನಿ. ಆಗದ?"

ನಾಗರತ್ನಳಿಗೆ ಸಿಟ್ಟು ಬಂತು. ಸುಧಾಮಣಿಗೆ ನಗು ಬಂತು. ನಗುವಿನ ಜೊತೆಗೇ ಅವಳು ಇಷ್ಟು ದಿನ ನುಂಗಿಕೊಂಡಿದ್ದನ್ನು ಹೊರಗೆ ಹಾಕಿದಳು. "ಅವ್ವ, ಆ ಬೋಂಡ ಓಟ್ಲಿಂದು. ಹಿತ್ತಲ ಬಾಗ್ಲಿಂದ ತರಿಸ್ಬುಟ್ಟು ಎಣ್ಣೇಲಿ ಬಿಸಿ ಮಾಡ್ದೆ ಅಷ್ಟೇಯ."

ಇಲ್ಲಿಗೆ ಮುಗಿಯಿತು ಎಂದು ನೀಲಾವತಿ ಸೌಟು ಕೆಳಗಿಟ್ಟಳು. ನಾಗರತ್ನ ಒಂದು ಗಳಿಗೆ ಯೋಚಿಸಿ ಹೇಳಿದಳು:

"ಆವು ನೀವಿದ್ಕೇ ಕಣಮ್ಮಿ ಅಂತಾ ಒಳ್ಳೆ ಓಟ್ಲು ನಿನ್ನ ಕಣ್ಣಿಗ ಬಿದ್ದದ್ದು."

ನೀಲಾವತಿ ಸೌಟನ್ನು ಮತ್ತೆ ಎತ್ತಿಕೊಂಡಳು. ಯಾರ ತಲೆಗೆ ಎಂದು ಅವಳಿಗೇ ತಿಳಿಯದು. ಅಷ್ಟರಲ್ಲಿ ಸುಧಾಮಣಿ, ದೊಡ್ಡವ್ವ ನೋಡು ಎಂದಳು.

ಹಾವು ಎತ್ತರದ ಕೊಂಬೆಯಿಂದ ಯಾವಾಗಲೋ ಕೆಳಗಿಳಿದು, ಕೈಗೆಟಕುವಷ್ಟು ಹತ್ತಿರದ ಹೀರೆ ಎಲೆಗಳ ನಡುವೆ ಮಲಗಿತ್ತು. ಅದರ ಬಾಲದ ಕಡೆ ಸ್ವಲ್ಪ ಎತ್ತಿಕೊಂಡಿತು. ಮೈಯೊಳಗೆ ಏನೋ ಅಲೆಯಂತೆ ಹಿಂದಕ್ಕೆ ಸರಿದು, ತೆಳ್ಳಗಿನ ಪೊರೆಯಲ್ಲಿ ಸುತ್ತಿದ ಒಂದು ಸಣ್ಣ ಗಂಟು ಹೊರಬಂದು ಎಲೆಯ ಮೇಲೆ ನಿಂತಿತು. ಗಂಟು ಅಲುಗಿತು, ಪೊರೆ ಒಡೆಯಿತು, ಒಳಗಿಂದ ಹೂಕಟ್ಟುವ ದಾರದಷ್ಟು ಸಣ್ಣದೊಂದು ಬಿಚ್ಚಿಕೊಂಡಿತು. ಚೂಪು ಮೂತಿ, ಅಡ್ಡ ಸೀಳಿನ ಕಣ್ಣು, ಎಲ್ಲ ತಾಯಿಯದೇ. ಅದು ಮೂವರ ಮುಖವನ್ನೂ ಒಂದೊಂದಾಗಿ ನೇರ ನೋಡಿ, ಪಕ್ಕದ ಕುಡಿಯ ಮೇಲೆ ಹತ್ತಿ, ಕುಡಿಯೇ ಆಗಿಹೋಯಿತು. ಮತ್ತೊಂದು ಬಂತು. ನಡುವೆ ತಾಯಿ ಸುಮ್ಮನೆ ಮಲಗಿ, ಮತ್ತೆ ಮೈ ಬಿಗಿಯುತ್ತಿತ್ತು.

ನಾಗರತ್ನ ಹೆದರಿಕೆಯಿಂದ ಒಂದು ಹೆಜ್ಜೆ ಹಿಂದೆ ಸರಿದರೂ ಮಗಳ ಮೊಣಕೈ ತಿವಿಯುವುದನ್ನು ಬಿಡಲಿಲ್ಲ. ಈಗಲೇ ನೀವಿಬಿಡು, ಹೆರಿಗೆಯ ಹೊತ್ತು, ಇನ್ನೂ ಒಳ್ಳೆಯದು ಎಂದು ಪಿಸುಗುಟ್ಟಿದಳು. ಹಾವು ಒಂದು ಗೇಣು ದೂರದಲ್ಲಿತ್ತು. ನೀಲಾವತಿ ಸೌಟನ್ನು ಅಡ್ಡ ಹಿಡಿಯಲಿಲ್ಲ, ಹುಡುಗಿಯ ಮುಖವನ್ನೇ ನೋಡಿದಳು.

"ಅದ್ಕೂ ಸುಸ್ತಾಗದ," ಎಂದಳು ಸುಧಾಮಣಿ. "ಬುಡವ್ವ, ಹೋಗನ."

ಹೋಗೋಣ ಎಂದವಳು ಹೋಗಲಿಲ್ಲ. ದೊಡ್ಡವ್ವನ ಪಕ್ಕ ಬೆಂಚಿನ ಮೇಲೆ ಕೂತಳು. ಇಬ್ಬರೂ ಮರಿಗಳನ್ನು ಎಣಿಸತೊಡಗಿ, ಎಣಿಸಿದ್ದು ಯಾವುದು ಬಳ್ಳಿ ಯಾವುದು ಎಂದು ತಿಳಿಯದೆ ಒಂಬತ್ತಕ್ಕೋ ಹತ್ತಕ್ಕೋ ಕೈಬಿಟ್ಟರು. ಬಿಸಿಲು ಏರುವಷ್ಟರಲ್ಲಿ ತಾಯಿಯ ಹೊಟ್ಟೆ ಖಾಲಿ ಚೀಲದಂತೆ ಬತ್ತಿತ್ತು. ಮರಿ ಒಂದೂ ಕಣ್ಣಿಗೆ ಬೀಳುತ್ತಿರಲಿಲ್ಲ. ಈ ಜಾತಿಯ ತಾಯಿ ಮರಿಗೆ ಹಾಲೂ ಕೊಡುವುದಿಲ್ಲ, ಬುದ್ಧಿಯೂ ಹೇಳುವುದಿಲ್ಲ. ಹುಟ್ಟಿದ ಗಳಿಗೆಯಿಂದ ಅವರವರ ಅನ್ನ ಅವರವರೇ ಹುಡುಕಿಕೊಳ್ಳಬೇಕು.

ನಾಗರತ್ನ ಬೇಲಿಯನ್ನು ಈ ತುದಿಯಿಂದ ಆ ತುದಿಗೆ ನೋಡಿದಳು. ಎಷ್ಟು ಕುಡಿಗಳೋ ಅಷ್ಟೂ ಗಾಳಿಗೆ ತೂಗುತ್ತಿದ್ದವು. ಗಾಳಿ ನಿಂತ ಮೇಲೆ ಕೆಲವು ಇನ್ನೂ ಒಂದು ಸಲ ತೂಗಿದವು. ಒಂದೇ ಹಾವು, ಗೊತ್ತಿದ್ದ ಜಾಗದಲ್ಲಿ, ಬೇರೆಯವರು ಕೊಂಬೆ ಹಿಡಿದುಕೊಟ್ಟರೆ ನೀವುವುದು ಬೇರೆ. ಎಲ್ಲಿದೆ ಎಂದೇ ಗೊತ್ತಾಗದ ಹತ್ತು ಹಾವಿನ ಬೇಲಿಗೆ ಕೈ ಹಾಕುವುದು ಬೇರೆ. ಆಕೆ ಸೆರಗು ಬಿಗಿದುಕೊಂಡು, ಆಟೋ ಕಾಯುತ್ತಿದೆ ಎಂದು ಹೊರಟಳು. ಅವತ್ತು ಮಧ್ಯಾಹ್ನ ಬಂದವರೂ ವಿಷಯ ಕೇಳಿ, ಬೇಲಿ ನೋಡಿ, ದೂರದಿಂದಲೇ ಕೈಮುಗಿದು ಹೋದರು.

ಮಿಕ್ಕದ್ದನ್ನು ಮರಿಮಲ್ಲಪ್ಪ ನೋಡಿಕೊಂಡ. ಟೀ ಅಂಗಡಿಯಲ್ಲಿ ಅವನ ಬಾಯಲ್ಲಿ ಹತ್ತು ಮರಿ ನಲವತ್ತಾಯಿತು, ಗುಂಡ್ಲುಪೇಟೆ ಸಂತೆ ಮುಟ್ಟುವಾಗ ಇನ್ನೂರಾಯಿತು, ಅಷ್ಟೂ ಕಣ್ಣು ಕುಕ್ಕುವ ಜಾತಿ, ಹೆಂಗಸು ಗಂಡಸು ಎಂಬ ಭೇದವೂ ಇಲ್ಲ. ಆಯುಷ್ಯವೆಲ್ಲ ಹೇಳಿದ ಸುಳ್ಳುಗಳಲ್ಲಿ ಯಾರಿಗಾದರೂ ಉಪಕಾರವಾದದ್ದು ಇದೊಂದೇ. ಆಟೋ ಬರುವುದು ನಿಂತಿತು. ಹಿತ್ತಲಿಗೆ ಕಾಲಿಡಲು ಅವನಿಗೂ ಭಯವಾಗಿ, ಹೀರೆಕಾಯಿ ಬಲಿತು ನಾರಾಯಿತು. ತನ್ನ ಸುಳ್ಳನ್ನು ತಾನೇ ನಂಬಿದ್ದ.

ಬೋಂಡದ ಮನೆಗೆ ಸುಧಾಮಣಿ ಹೋಗಿ, ತನಗೆ ಬರುವುದಿಲ್ಲ, ಕಲಿಯುತ್ತಿದ್ದೇನೆ ಎಂದು ಹೇಳಿಬಂದಳಂತೆ. ಅವರು ಏನೆಂದರೋ ಇನ್ನೂ ತಿಳಿದಿಲ್ಲ. ಭಾನುವಾರ ಭಾನುವಾರ ಭೀಮನಬೀಡಿಗೆ ಬಂದು ದೊಡ್ಡವ್ವನ ಕೈಲಿ ಬೈಸಿಕೊಳ್ಳುತ್ತಾಳೆ. ಅವಳು ಮಾಡಿದ ಮೊದಲ ಸಾರನ್ನು ಎಮ್ಮೆ ಒದೆಯಲಿಲ್ಲ, ಬರೀ ನಿಟ್ಟುಸಿರು ಬಿಟ್ಟಿತು.

ತಾಯಿ ಹಾವು ಕೆಲವು ದಿನ ಎಲೆಯ ಮರೆಯಲ್ಲಿ ಸುಮ್ಮನೆ ಬಿದ್ದಿತ್ತು. ಬದುಕುತ್ತದೋ ಇಲ್ಲವೋ ಎಂದು ನೀಲಾವತಿ ಹೊತ್ತುಹೊತ್ತಿಗೆ ಹೋಗಿ ನೋಡುತ್ತಿದ್ದಳು. ಒಂದು ಮಧ್ಯಾಹ್ನ ಹೋದಾಗ ಅದು ಕೊಂಬೆಯಿಂದ ಅರ್ಧ ಮೈ ಇಳಿಬಿಟ್ಟು, ದೊಡ್ಡದೊಂದು ಓತಿಕೇತವನ್ನು ಕುತ್ತಿಗೆಯಲ್ಲಿ ಹಿಡಿದು ನಿಂತಿತ್ತು. ಓತಿಕೇತ ಒದ್ದಾಡಿ, ನಿಧಾನಕ್ಕೆ ಮೆತ್ತಗಾಯಿತು. ಹಾವು ಅವಸರ ಮಾಡಲಿಲ್ಲ. ತಲೆಯ ಕಡೆಯಿಂದ ಸರಿಮಾಡಿಕೊಂಡು ನುಂಗತೊಡಗಿತು. ಬೆನ್ನಿನ ಗಾಯದ ಮೇಲೆ ಹೊಸ ಹುರುಪೆ ಬರುತ್ತಿತ್ತು.

ಒಳಗಿಂದ ಮರಿಮಲ್ಲಪ್ಪ, ಹೊಟ್ಟೆ ಹಸಿದು ಬೆನ್ನಿಗೆ ಹತ್ತಿದೆ, ಎಲೆ ಹಾಕುವವರು ಯಾರು ಎಂದು ಕೂಗಿದ. ನೀಲಾವತಿ ಬೇಲಿಯ ಕಡೆಯಿಂದ ಮುಖ ತಿರುಗಿಸದೆ, ದನಿ ತಗ್ಗಿಸಿ ಹೇಳಿದಳು:

"ಕೂಗ್ಬೇಡಿ, ತಡೀರಿ. ಇಲ್ಲಿ ಒಬ್ರು ಉಣ್ತಾವ್ರೆ."